ಎಳೆಯವನ್ನು ಕೊಡಿ, ಮುದಿಯವು ನಿಮ್ಮ ಹತ್ತಿರವೇ ಇರಲಿ

ಪ್ರಶ್ನೆ: ನನಗೆ 68 ವರ್ಷ. ತಿಪಟೂರು ಕಡೆಯ ಹಳ್ಳಿ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಯಜಮಾನರು ಹೋಗಿ ಆರು ವರ್ಷವಾಯಿತು. ಮಗ ಬೆಂಗಳೂರಿನಲ್ಲಿದ್ದಾನೆ. ಮನೆಯಲ್ಲಿ ನಾನು, ನನ್ನ ಕೋಳಿಗಳು, ಅಷ್ಟೇ. ಹನ್ನೊಂದು ಹೇಂಟೆ, ಎರಡು ಹುಂಜ. ಎಲ್ಲಾ ನಾಟಿ. ಮೂರು ಹೇಂಟೆಗೆ ಐದು ವರ್ಷ ದಾಟಿದೆ, ಮೊಟ್ಟೆ ನಿಲ್ಲಿಸಿವೆ. ಎರಡೂ ಮಂಡಿ ಸವೆದಿದೆ ಎಂದು ಡಾಕ್ಟರ್ ಹೇಳಿದ್ದಾರೆ. ಕೋಲು ಹಿಡಿದು ನಡೆಯುತ್ತೇನೆ, ಗೂಡಿನ ಹತ್ತಿರ ಬಗ್ಗಲು ಆಗಲ್ಲ. ಹೋದ ತಿಂಗಳು ಸಂಜೆ ಗೂಡು ಮುಚ್ಚಲು ಹೋಗಿ ಹಿಕ್ಕೆ ಮೇಲೆ ಕಾಲು ಜಾರಿ ಬಿದ್ದೆ. "ಎಲ್ಲಾ ಕೋಳಿ ಅಂಗಡಿಯವನಿಗೆ ಕೊಟ್ಟುಬಿಡಮ್ಮ, ನಾನೇ ಫೋನ್ ಮಾಡ್ತೀನಿ" ಅಂತಾನೆ ಮಗ. ನಾವು ಕೋಳಿ ತಿನ್ನುವವರೇ. ಆದರೂ ಇವನ್ನು ಕೊಯ್ಯಲು ಕೊಡೋಕೆ ಮನಸ್ಸು ಬರ್ತಿಲ್ಲ. ಇಟ್ಟುಕೊಳ್ಳೋಕೂ ಆಗ್ತಿಲ್ಲ. ಇವತ್ತು ಕೋಳಿ, ನಾಳೆ ಮನೆ, ನಾಡಿದ್ದು ನಾನು ಅನ್ನಿಸಿ ರಾತ್ರಿ ನಿದ್ದೆ ಬರಲ್ಲ. ಏನು ಮಾಡಲಿ?

ಉತ್ತರ: ಅಮ್ಮ, ಮೊದಲು ನೀವು ಬಿದ್ದ ವಿಷಯ. ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಹಾಗೆ ಬಿಡಲಾರೆ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ. ಬಿದ್ದದ್ದನ್ನು ಡಾಕ್ಟರಿಗೂ ಹೇಳಿ. ಗೂಡಿನ ಮುಂದಿನ ಜಾಗಕ್ಕೆ ಇವತ್ತೇ ಬೂದಿಯೋ ಮರಳೋ ಹಾಕಿಸಿ. ಕತ್ತಲಾಗುವ ತನಕ ಕಾಯಬೇಡಿ, ಬೆಳಕಿರುವಾಗಲೇ ನುಚ್ಚು ಎರಚಿ ಕೋಳಿಗಳನ್ನು ಒಳಗೆ ಕರೆಯಿರಿ.

ಈಗ ನನ್ನ ಮನೆಯ ಒಂದು ಮಾತು ಹೇಳುತ್ತೇನೆ. ನನ್ನ ಅಮ್ಮನೂ ಕೋಳಿ ಸಾಕುತ್ತಿದ್ದಳು. ಮಂಡಿ ನೋವನ್ನು ನಮಗೆ ಹೇಳದೆ ಮುಚ್ಚಿಟ್ಟಳು. ಒಂದು ದಿನ ಹಿತ್ತಲಲ್ಲಿ ಬಿದ್ದು ಆಸ್ಪತ್ರೆ ಸೇರಿದಳು. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ನಾವು ಮಕ್ಕಳು ಸೇರಿ ಒಂದೇ ಬೆಳಗ್ಗೆ ಎಲ್ಲಾ ಕೋಳಿಗಳನ್ನೂ ಮಾರಿಬಿಟ್ಟೆವು. ಅಮ್ಮನನ್ನು ಕೇಳಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಸಂಜೆ ಅವಳು ಮೊರದಲ್ಲಿ ನುಚ್ಚು ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಹೋದಳು. "ಬಾ ಬಾ ಬಾ" ಅಂದಳು. ಯಾವುದೂ ಬರಲಿಲ್ಲ. ಮೊರವನ್ನು ಹಾಗೇ ಕಟ್ಟೆ ಮೇಲಿಟ್ಟು ಒಳಗೆ ಬಂದಳು. ನಮಗೆ ಒಂದು ಮಾತೂ ಬೈಯಲಿಲ್ಲ. ಆ ಮೊರ ನನ್ನ ಕಣ್ಣ ಮುಂದೆ ಇನ್ನೂ ಇದೆ.

ಅದಕ್ಕೇ ನಿಮಗೆ ಹೇಳುವುದು: ಕೋಳಿಗಳನ್ನು ಕೊಡಿ, ಆದರೆ ಈಗಲೇ, ನಿಮ್ಮ ಕೈಯಾರೆ ಕೊಡಿ. ಕೋಲು ಹಿಡಿದಾದರೂ ನಾಲ್ಕು ಮನೆ ಸುತ್ತಿ ನೋಡಿ ಬರುವ ಶಕ್ತಿ ಈಗ ನಿಮಗಿದೆ. ಯಾವ ಮನೆ, ಯಾವ ಹೇಂಟೆ ಅಂತ ನೀವೇ ಆರಿಸಬಹುದು. ಇನ್ನೊಂದು ಸಲ ಬಿದ್ದರೆ ಆರಿಸುವವರು ಬೇರೆಯವರಾಗುತ್ತಾರೆ.

ಎಲ್ಲವನ್ನೂ ಕೊಡಬೇಕಿಲ್ಲ. ಸಾಮಾನ್ಯವಾಗಿ ಜನ ಮೊಟ್ಟೆ ಇಡುವ ಎಳೆಯ ಹೇಂಟೆಗಳನ್ನು ಉಳಿಸಿಕೊಂಡು ಮುದಿಯವನ್ನು ಕಳಿಸುತ್ತಾರೆ. ನೀವು ಉಲ್ಟಾ ಮಾಡಿ. ಐದು ವರ್ಷ ದಾಟಿದ ಹೇಂಟೆಯನ್ನು ಯಾರು ಕೊಂಡುಹೋದರೂ ಸಾರಿಗೇ ಅಲ್ವಾ? ಅದಕ್ಕೆ ಬೇರೆ ಬೆಲೆ ಇಲ್ಲ. ಆದರೆ ಎಳೆಯ ನಾಟಿ ಹೇಂಟೆಗೆ ಬೆಲೆ ಇದೆ. ವರ್ಷಕ್ಕೆ 60ರಿಂದ 80 ಮೊಟ್ಟೆ ಇಟ್ಟರೆ ಜಾಸ್ತಿ, ನಿಜ. ಆದರೆ ಅದು 21 ದಿನ ಕಾವು ಕೂತು ಮರಿ ಮಾಡುತ್ತದೆ, ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡು ಮೇಯಿಸುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಬಂದ ಗಿರಿರಾಜ, ಸ್ವರ್ಣಧಾರ ತಳಿಗಳನ್ನು ಸಾಕುವವರಿಗೂ ಕಾವಿಗೆ ನಾಟಿ ಹೇಂಟೆಯೇ ಬೇಕು. ಆ ತಳಿಗಳು ಸರಿಯಾಗಿ ಕಾವು ಕೂರುವುದಿಲ್ಲ. ಅಂಥ ಮನೆಯಲ್ಲಿ ನಿಮ್ಮ ಎಂಟು ಹೇಂಟೆಗಳು ಕೆಲಸಕ್ಕೆ ಬರುತ್ತವೆ. ಕೆಲಸಕ್ಕೆ ಬರುವ ಕೋಳಿಯನ್ನು ಯಾರೂ ಬೇಗ ಕೊಯ್ಯುವುದಿಲ್ಲ.

ಇನ್ನೊಂದು ದಾರಿ ನಿಮಗೇ ಗೊತ್ತಿರುವುದು: ಪಾಲಿಗೆ ಕೊಡುವುದು. ಹಸು, ಮೇಕೆ, ಕೋಳಿಯನ್ನು ಪಾಲಿಗೆ ಸಾಕಲು ಕೊಡುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ಪದ್ಧತಿ. ತಾಯಿ ಕೊಟ್ಟವರದ್ದು, ಹುಟ್ಟಿದ ಮರಿಯಲ್ಲಿ ಇಬ್ಬರಿಗೂ ಪಾಲು. ಮಾರಿದರೆ ಅಲ್ಲಿಗೆ ನಿಮ್ಮ ಮಾತು ಮುಗಿಯಿತು. ಪಾಲಿಗೆ ಕೊಟ್ಟರೆ ಹೇಂಟೆ ಇನ್ನೂ ನಿಮ್ಮದೇ. ನಿಮ್ಮನ್ನು ಕೇಳದೆ ಅದರ ಮೇಲೆ ಕೈ ಹಾಕಲು ಸಾಕುವವರು ಹಿಂಜರಿಯುತ್ತಾರೆ. ನಿಮ್ಮ ಪಾಲಿನ ಮರಿ ಬೇಡ ಅನ್ನಿಸಿದರೆ ಹೀಗೆ ಹೇಳಿ: "ಮರಿಯೆಲ್ಲಾ ನಿಂದೇ ಇರಲಿ ಕಣಮ್ಮ. ಮೊಟ್ಟೆ ಇದ್ದಾಗ ನಾಲ್ಕು ಕಳಿಸು. ನಾನು ಕೊಟ್ಟ ಹೇಂಟೆಗಳನ್ನ ಮಾತ್ರ ಕೊಯ್ಯಬೇಡ. ಅವು ಮುದಿಯಾಗಿ ನಿನಗೆ ಬೇಡ ಅನ್ನಿಸಿದರೆ ನನಗೆ ಹೇಳು." ಸುಮ್ನೆ ಮನಸ್ಸಿನಲ್ಲಿ ಇಟ್ಟುಕೊಂಡು ಆಮೇಲೆ ನೊಂದುಕೊಳ್ಳಬೇಡಿ. ಬಾಯಿಬಿಟ್ಟು ಹೇಳಿ, ಮೂರನೆಯವರ ಎದುರಿಗೆ ಹೇಳಿ. ಮುಂದೊಂದು ದಿನ ಆ ಮನೆಯವರು ಮಾತು ತಪ್ಪಲೂಬಹುದು. ಅಷ್ಟು ಭರವಸೆ ನಾನು ಕೊಡಲಾರೆ. ಆದರೆ ಸಾಕುತ್ತೇವೆ ಎಂದು ಬಂದವರನ್ನು ನೀವೇ ನೋಡಿ ಆರಿಸುವುದಕ್ಕೂ ಅಂಗಡಿಯವನಿಗೆ ತೂಕಕ್ಕೆ ಹಾಕುವುದಕ್ಕೂ ತುಂಬಾ ವ್ಯತ್ಯಾಸವಿದೆ.

ಯಾರಿಗೆ ಕೊಡುವುದು? ನೀವು ಅಂಗನವಾಡಿಯಲ್ಲಿದ್ದವರು. ಊರಿನ ಅರ್ಧ ಮಕ್ಕಳಿಗೆ ಉಣ್ಣಿಸಿದ್ದೀರಿ, ಅವರ ತಾಯಂದಿರೆಲ್ಲ ನಿಮಗೆ ಗೊತ್ತು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಂದು ಮಾತು ಹಾಕಿ. ಆಮೇಲೆ ಅವರ ಹಿತ್ತಲಿಗೆ ಹೋಗಿ ನೋಡಿ. ಗೂಡಿಗೆ ಚಿಲಕ ಇದೆಯಾ? ಮುಂಗುಸಿ ನುಗ್ಗುವ ಸಂದಿ ಇದೆಯಾ? ನಾಯಿ ಕಟ್ಟಿದೆಯಾ, ಬಿಟ್ಟಿದೆಯಾ? ನೀರಿನ ಬಟ್ಟಲಲ್ಲಿ ಪಾಚಿ ಕಟ್ಟಿದೆಯಾ? ಆ ಬಟ್ಟಲು ನೋಡಿದರೆ ಸಾಕು, ಮಿಕ್ಕದ್ದು ಯಾರೂ ಹೇಳಬೇಕಿಲ್ಲ.

ಒಂದೊಂದನ್ನೇ ಹಂಚಬೇಡಿ. ಹೊಸ ಗುಂಪಿಗೆ ಒಂಟಿ ಹೇಂಟೆ ಹೋದರೆ ಮಿಕ್ಕವು ಕುಕ್ಕಿ ಹಾಕುತ್ತವೆ, ಕಾಳಿನ ಹತ್ತಿರ ಬಿಡುವುದಿಲ್ಲ. ಜೊತೆಗೆ ಬೆಳೆದ ಮೂರು ನಾಲ್ಕು ಒಟ್ಟಿಗೆ ಹೋಗಲಿ. ಎರಡು ಮನೆ ಸಿಕ್ಕರೆ ಸಾಕು. ಕೊಡುವುದಕ್ಕೆ ಎರಡು ವಾರ ಮೊದಲು ಪಶು ಆಸ್ಪತ್ರೆಯಲ್ಲಿ ಕೇಳಿ ಕೊಕ್ಕರೆ ರೋಗದ ಲಸಿಕೆ ಹಾಕಿಸಿ. ಯಾವುದಾದರೂ ತೂಕಡಿಸುತ್ತಿದ್ದರೆ, ಕಾಳು ಬಿಟ್ಟಿದ್ದರೆ ಅದು ಗುಣವಾಗುವ ತನಕ ಯಾವುದನ್ನೂ ಕಳಿಸಬೇಡಿ. ಕಾವಿಗೆ ಕೂತಿರುವುದನ್ನು ಮರಿ ಏಳುವ ತನಕ ಅಲುಗಿಸಬೇಡಿ.

ಸಾಗಿಸುವುದು ರಾತ್ರಿಯೇ ಆಗಲಿ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೂತಲ್ಲೇ ಇರುತ್ತದೆ. ಆ ಕೆಲಸ ನೀವು ಮಾಡಬೇಡಿ, ನೀವು ಟಾರ್ಚ್ ಹಿಡಿದು ಕುರ್ಚಿ ಮೇಲೆ ಕೂತುಕೊಳ್ಳಿ. ಬಂದವರು ಕಾಲು ಹಿಡಿದು ತಲೆಕೆಳಗಾಗಿ ಎತ್ತದಿರಲಿ. ಎರಡೂ ರೆಕ್ಕೆ ಮೈಗೆ ಒತ್ತಿ ಹಿಡಿದು, ಹುಲ್ಲು ಹಾಕಿದ ಮಂಕರಿಯಲ್ಲಿಟ್ಟು ಮೇಲೆ ಗೋಣಿಚೀಲ ಮುಚ್ಚಲಿ. ಹೊಸ ಮನೆಯಲ್ಲಿ ಒಂದು ವಾರ ಗೂಡಿನಿಂದ ಹೊರಗೆ ಬಿಡಬಾರದು. ಬಿಟ್ಟರೆ ಮರ ಹತ್ತುತ್ತವೆ, ಇಲ್ಲಾ ನಿಮ್ಮ ಮನೆಗೇ ವಾಪಸ್ ಬರುತ್ತವೆ. ಅಲ್ಲಿ ಮೊದಲೇ ಕೋಳಿಗಳಿದ್ದರೆ ಎರಡು ವಾರ ಬೇರೆ ಇಡಬೇಕು. ಜಾಗ ಬದಲಾದಾಗ ಸ್ವಲ್ಪ ದಿನ ಮೊಟ್ಟೆ ನಿಲ್ಲುವುದು ಸಹಜ. ಅದನ್ನೂ ಮುಂಚೆಯೇ ಹೇಳಿಬಿಡಿ, ಇಲ್ಲದಿದ್ದರೆ "ಮೊಟ್ಟೆ ಇಡದ ಕೋಳಿ ಕೊಟ್ಟರು" ಅಂದಾರು.

ಉಳಿದ ಮೂರು ಮುದಿ ಹೇಂಟೆಗಳಿಗೆ ನಿಮ್ಮ ಸೊಂಟದ ಎತ್ತರಕ್ಕೆ ಒಂದು ಗೂಡು ಮಾಡಿಸಿ. ಮರದ ಕಾಲು, ತಂತಿ ಜಾಲರಿಯ ತಳ, ಕೆಳಗೆ ಎಳೆಯಲು ಬರುವ ತಗಡು. ಬಾಗಿಲು ನಿಂತೇ ಹಾಕುವ ಹಾಗಿರಲಿ. ಕೋಳಿ ಹತ್ತಲು ಅಡ್ಡಪಟ್ಟಿ ಹೊಡೆದ ಹಲಗೆ ಇಟ್ಟರೆ ಸಾಕು. ಒಂದು ಕೋಳಿಗೆ ದಿನಕ್ಕೆ 100 ಗ್ರಾಂ ಕಾಳು ಸಾಕು, ಹಿತ್ತಲಲ್ಲಿ ಮೇಯ್ದರೆ ಅಷ್ಟೂ ಬೇಡ. ತಗಡು ಎಳೆದು ಹಿಕ್ಕೆ ತೆಗೆಯಲು ಪಕ್ಕದ ಮನೆಯ ಹುಡುಗನನ್ನು ಗೊತ್ತು ಮಾಡಿ, ಹಿಕ್ಕೆಯನ್ನು ಅವರೇ ಒಯ್ಯಲಿ. ತಿಪ್ಪೆಯಲ್ಲಿ ಕೊಳೆಸಿದರೆ ತೆಂಗಿಗೆ ಒಳ್ಳೆಯ ಗೊಬ್ಬರ. ತೆಂಗಿನ ಸೀಮೆಯಲ್ಲಿ ಅದನ್ನು ಬೇಡ ಅನ್ನುವವರು ಸಿಗಲಿಕ್ಕಿಲ್ಲ.

ಈ ಗೂಡು ಮಾಡಿಸುವ ಕೆಲಸ ಮಗನಿಗೆ ಹೇಳಿ. ಅವನ ಮೇಲೆ ಸಿಟ್ಟು ಬೇಡ ಅಮ್ಮ. "ಕೊಟ್ಟುಬಿಡು" ಅನ್ನುವ ಅವನ ಮಾತಿನ ಹಿಂದೆ, ಅಮ್ಮ ಕತ್ತಲಲ್ಲಿ ಒಬ್ಬಳೇ ಬಿದ್ದಿದ್ದಳಲ್ಲ ಅನ್ನುವ ಭಯ ಇದೆ. ನಾನೂ ಆ ಭಯದಲ್ಲೇ ತಪ್ಪು ಮಾಡಿದವಳು. ಅವನಿಗೆ ಮಾಡಲು ಏನಾದರೂ ಕೊಡಿ. ಒಂದು ಭಾನುವಾರ ಬಂದು ಬಡಗಿಯನ್ನು ಕರೆಸಿ, ಎದುರಿಗೆ ನಿಂತು ಮಾಡಿಸಲಿ. "ಇವತ್ತು ಕೋಳಿ, ನಾಳೆ ಮನೆ, ನಾಡಿದ್ದು ನಾನು" ಅಂತ ನನಗೆ ಬರೆದಿರಲ್ಲ, ಅದನ್ನು ಅವತ್ತು ಊಟ ಆದಮೇಲೆ ಅವನಿಗೂ ಹೇಳಿ. ನನಗೆ ಬರೆದದ್ದಕ್ಕಿಂತ ಅವನಿಗೆ ಹೇಳುವುದು ಮುಖ್ಯ. ಈ ಮಾತು ಅವನಿಗೆ ಗೊತ್ತೇ ಇಲ್ಲ ಅನ್ನಿಸುತ್ತದೆ. ಈ ಮೂರು ಕೋಳಿಯೂ ಕಷ್ಟವಾಗುವ ದಿನ ಬಂದರೆ ಯಾರು ನೋಡಿಕೊಳ್ಳಬೇಕು ಎಂದೂ ಅವತ್ತೇ ಮಾತಾಡಿಕೊಳ್ಳಿ.

ಇನ್ನು ಹುಂಜಗಳು. ಇದು ಕಷ್ಟದ ವಿಷಯ, ಎಲ್ಲರೂ ಹೇಂಟೆ ಕೇಳುತ್ತಾರೆ, ಹುಂಜ ಯಾರಿಗೂ ಬೇಡ. ನೀವು ಇಟ್ಟುಕೊಳ್ಳಬೇಡಿ. ಹುಂಜ ಕಾಲಿಗೆ ಹಾರಿದರೆ ಕೋಲು ಹಿಡಿದವರು ಆಯ ತಪ್ಪುತ್ತಾರೆ. ಮುದಿ ಹೇಂಟೆಗಳ ಬೆನ್ನಿನ ಪುಕ್ಕವೂ ಕಿತ್ತುಹೋಗುತ್ತದೆ. ಗೊತ್ತಿಲ್ಲದವರು ಬಂದು ಹುಂಜಕ್ಕೆ ಮಾತ್ರ ಜಾಸ್ತಿ ಹಣ ಕೊಡುತ್ತೇವೆ ಅಂದರೆ ಕೊಡಬೇಡಿ. ಕೋಳಿ ಪಂದ್ಯಕ್ಕೆ ಒಯ್ಯುವವರು ಇರುತ್ತಾರೆ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ, ಆದರೂ ನಿಂತಿಲ್ಲ. ಹೇಂಟೆ ಕೇಳಿದ ಎರಡು ಮನೆಗೂ ಒಂದೊಂದು ಹುಂಜ ಸೇರಿಸಿಯೇ ಕೊಡುತ್ತೇನೆ ಎಂದು ಹೇಳಿ. ಮರಿ ಬೇಕೆಂದರೆ ಹುಂಜ ಬೇಕೇ ಬೇಕು, ನಾಲ್ಕು ಹೇಂಟೆಯ ಜೊತೆಗೆ ಒಂದು ಅವರಿಗೂ ಭಾರವಲ್ಲ.

ಎರಡು ಮನೆಯಲ್ಲಿ ಒಂದಾದರೂ ನಿಮ್ಮ ಬೀದಿಯಲ್ಲೇ, ಇಲ್ಲಾ ಹಿಂದಿನ ಬೀದಿಯಲ್ಲೇ ಸಿಗಲಿ ಎಂದು ನನ್ನ ಆಸೆ. ಅಷ್ಟು ಹತ್ತಿರ ಇದ್ದರೆ ಬೆಳಗಿನ ಜಾವ ನಿಮ್ಮ ಹುಂಜ ಕೂಗಿದ್ದು ನಿಮ್ಮ ಹಾಸಿಗೆಗೇ ಕೇಳಿಸುತ್ತದೆ.