ಟೈ ರಾಡ್ ಹಾಕಿದರೆ ಹೆಂಚಿನ ಮನೆಯ ವಾಲಿದ ಗೋಡೆ ನಿಲ್ಲುತ್ತದಾ?

ಧಾರವಾಡದ ನಿಮ್ಮ ಹಳೇ ಹೆಂಚಿನ ಮನೆಯ ಗೋಡೆ ಮೇಲ್ಗಡೆ ಹೊರಕ್ಕೆ ವಾಲಿದೆ, ಎರಡೂ ಗೋಡೆಗೆ ಅಡ್ಡಲಾಗಿ ಸ್ಟೀಲ್ ರಾಡ್ (ಅದೇ ಟೈ ರಾಡ್) ಹಾಕಿ ಬಿಗಿಯೋಣ ಅಂತ ಗೌಂಡಿ ಹೇಳಿದ್ದಾರೆ, ಇದು ನಿಜಕ್ಕೂ ಕೆಲಸ ಮಾಡುತ್ತಾ ಅಂತ ಕೇಳಿದ್ದೀರಿ. ಮಾಡುತ್ತದೆ. ಆದರೆ ಗೋಡೆಯನ್ನು ತಳ್ಳುತ್ತಿರುವುದು ಛಾವಣಿಯೇ ಹೌದಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ನಾನು ಹುಬ್ಬಳ್ಳಿಯಲ್ಲಿ ಛಾವಣಿ ಕೆಲಸ ಮಾಡುವವನು. ಎಲ್ಲಿ ಹೋದರೂ ಮೊದಲು ನೋಡುವುದು ಮೂಲೆಯ ಬಿರುಕು. ಅದು ಮೇಲೆ ಅಗಲವಾಗಿದ್ದು, ಕೆಳಗೆ ಬರುತ್ತಾ ಸಣ್ಣಗಾಗಿ ಮಾಯವಾಗಿದ್ದರೆ ಛಾವಣಿಯದೇ ಕೆಲಸ. ಬಿರುಕು ಪಾಯದವರೆಗೂ ಇಳಿದು, ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತಿದ್ದರೆ ಅದು ಪಾಯದಡಿಯ, ಒಣಗಿದಾಗ ಕುಗ್ಗಿ ನೆನೆದಾಗ ಹಿಗ್ಗುವ ಎರೆಮಣ್ಣಿನ ಕಾಟ. ನವಲಗುಂದ, ಗದಗ ಕಡೆ ಇದೇ ಜಾಸ್ತಿ. ಅಲ್ಲಿ ರಾಡ್ ಹಾಕಿದರೆ ದುಡ್ಡು ದಂಡ. ಗೋಡೆ ನಡುವೆ ಹೊಟ್ಟೆ ಬಂದು, ಬಡಿದರೆ ಟೊಳ್ಳು ಸದ್ದು ಬಂದರೂ ಅಷ್ಟೇ, ಆ ಭಾಗ ಬಿಚ್ಚಿ ಕಟ್ಟಲೇಬೇಕು.

ಛಾವಣಿ ಯಾಕೆ ತಳ್ಳುತ್ತದೆ? ಎರಡು ಕಡೆಯ ಪಕಾಸುಗಳು, ಅಂದರೆ ಛಾವಣಿಯ ಇಳಿಜಾರು ಮರಗಳು, ನೆತ್ತಿಯಲ್ಲಿ ಒಂದಕ್ಕೊಂದು ಆತು ನಿಂತಿರುತ್ತವೆ. ಮೇಲೆ ಭಾರ ಬಿದ್ದಾಗ ಅವುಗಳ ಕಾಲು ಹೊರಗೆ ಜಾರಲು ನೋಡುತ್ತದೆ. ಮಂಗಳೂರು ಹೆಂಚು, ಅದು ಕೂರುವ ಮರದ ಪಟ್ಟಿ (ರೀಪು) ಸೇರಿ ಚದರ ಮೀಟರಿಗೆ ಸುಮಾರು 65 ಕೆಜಿ. ಮರ, ಹತ್ತಿ ಓಡಾಡುವ ಜನ ಎಲ್ಲ ಸೇರಿಸಿ 150 ಅಂತ ಹಿಡಿಯೋಣ. ಕೋಣೆ 18 ಅಡಿ ಅಗಲ, ನೆತ್ತಿ ಗೋಡೆಯ ತಲೆಯಿಂದ 5 ಅಡಿ ಎತ್ತರ, 8 ಅಡಿಗೊಂದು ರಾಡ್ ಅಂದರೆ ಒಂದೊಂದು ರಾಡಿಗೂ ಸುಮಾರು 900 ಕೆಜಿ ಎಳೆತ ಬರುತ್ತದೆ. ನೆತ್ತಿಯ ಎತ್ತರ ಅರ್ಧಕ್ಕಿಳಿದರೆ ಎಳೆತ ಎರಡು ಪಟ್ಟು. 16 ಎಂಎಂ ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ಥ್ರೆಡ್ ಕಡಿದ ಮೇಲೂ 2 ಟನ್ ಆರಾಮವಾಗಿ ತಡೆಯುತ್ತದೆ. ಹಾಗಾಗಿ ರಾಡ್ ತುಂಡಾಗುವ ಭಯ ಬೇಡ.

ಕೈ ಕೊಡುವುದು ಗೋಡೆಯ ಹೊರಗಿನ ಪ್ಲೇಟ್. ನಮ್ಮ ಕಡೆಯ ಹಳೇ ಗೋಡೆಗಳು ಕಲ್ಲು-ಮಣ್ಣಿನವು ಅಲ್ವಾ, ನಾಲ್ಕಿಂಚಿನ ತುಂಡು ಪ್ಲೇಟ್ ಇಟ್ಟು ನಟ್ ಬಿಗಿದರೆ ಕಲ್ಲೇ ಒಳಗೆ ಕೂರುತ್ತದೆ. ನಾನಾದರೆ ಒಂದಡಿ ಚೌಕದ, 12 ಎಂಎಂ ದಪ್ಪದ ಪ್ಲೇಟ್ ಇಟ್ಟು, ಹಿಂದಿನ ಸಂದಿಗೆಲ್ಲ ಗಾರೆ ತುಂಬಿ, ಅದು ಒಣಗಿದ ಮೇಲೆಯೇ ಬಿಗಿಯುತ್ತೇನೆ. ಗೋಡೆ ಮೇಲಿನ ಅಡ್ಡ ಮರಕ್ಕೂ ಪಕಾಸಿನ ಕಾಲನ್ನು ಬೋಲ್ಟ್ ಹಾಕಿ ಹಿಡಿಸಬೇಕು. ಇಲ್ಲದಿದ್ದರೆ ಗೋಡೆ ನಿಂತರೂ ಪಕಾಸು ಜಾರುತ್ತದೆ.

ತಲೆಗೆ ತಾಗುತ್ತದೆ ಅಂತ ರಾಡನ್ನು ಮೇಲಕ್ಕೇರಿಸಲು ಒಪ್ಪಬೇಡಿ. ಅದರ ಜಾಗ ಪಕಾಸಿನ ಕಾಲಿನ ಮಟ್ಟ. ಮೇಲೇರಿದಷ್ಟೂ ಎಳೆತ ಜಾಸ್ತಿ, ಪಕಾಸು ಬಾಗುತ್ತದೆ. ಉದ್ದ ರಾಡ್ ನಡುವೆ ಜೋಲುವುದನ್ನು ತಡೆಯಲು ನೆತ್ತಿಯಿಂದ ಒಂದು ಸಣ್ಣ ರಾಡ್ ಇಳಿಬಿಟ್ಟರೆ ಸಾಕು.

ರಾಡನ್ನು ಎರಡು ತುಂಡಾಗಿ ಮಾಡಿಸಿ, ನಡುವೆ ಅವನ್ನು ಜೋಡಿಸಿ ಬಿಗಿಯುವ ಟರ್ನ್‌ಬಕಲ್ ಹಾಕಿಸಿ. ಅದರ ಒಂದು ಕಡೆ ಬಲ ಥ್ರೆಡ್, ಇನ್ನೊಂದು ಕಡೆ ಎಡ ಥ್ರೆಡ್ ಇರುವುದರಿಂದ ತಿರುಗಿಸಿದಾಗ ಎರಡೂ ರಾಡ್ ಒಟ್ಟಿಗೆ ಒಳಗೆ ಬರುತ್ತವೆ. ಹೆಂಚು ಇಳಿಸಿ, ಪಕಾಸಿಗೆ ಆಸರೆ ಕೊಟ್ಟು, ರಾಡಿನ ಸಡಿಲು ಹೋಗುವವರೆಗೆ ಮಾತ್ರ ಬಿಗಿಸಿ. ವಾಲಿದ ಗೋಡೆಯನ್ನು ಎಳೆದು ನೆಟ್ಟಗೆ ಮಾಡಲು ಹೋಗಬೇಡಿ, ಹಳೇ ಮಣ್ಣಿನ ಸಂದು ಬಿಟ್ಟುಕೊಳ್ಳುತ್ತದೆ. ಇನ್ನೂ ವಾಲದಂತೆ ಹಿಡಿದರೆ ಸಾಕು.

ಉಳಿದ ಟಿಎಂಟಿ ಸರಳಿಗೇ (ಕಾಂಕ್ರೀಟಿಗೆ ಹಾಕುವ ಕಬ್ಬಿಣ) ಥ್ರೆಡ್ ಹೊಡೆಸೋಣ ಅಂದರೆ ಬೇಡ ಅನ್ನಿ. ಅದರ ಗಟ್ಟಿತನ ಇರುವುದು ಹೊರಪದರದಲ್ಲಿ, ಥ್ರೆಡ್ ಕಡಿದರೆ ಅದೇ ಹೋಗುತ್ತದೆ. ಗೋಡೆಯೊಳಗೆ ಹೋಗುವ ಭಾಗಕ್ಕೆ ರೆಡ್ ಆಕ್ಸೈಡ್ ಬಳಿದು ಪೈಪ್ ಹಾಕಿಸಿ. ಕೆಲಸ ಮುಂಗಾರಿಗೆ ಮೊದಲೇ ಮುಗಿಯಲಿ.