ಕೊಲೊರಾಡೊ ಕೊಟ್ಟ ಕಾರ್ಡು, ಫೆಡರಲ್ ಫಾರಂ

ಪ್ರಶ್ನೆ: ಮೇಡಂ, ನಾವು ಡೆನ್ವರ್‌ನಲ್ಲಿದ್ದೇವೆ, ಇಬ್ಬರೂ ಅಮೆರಿಕದ ಪೌರರು. ಬೆನ್ನಿನ ಆಪರೇಷನ್ ಆದಮೇಲೂ ನಮ್ಮ ಯಜಮಾನರಿಗೆ ನೋವು ಹೋಗಲಿಲ್ಲ. ಡಾಕ್ಟರ ಮಾತಿನ ಮೇಲೆ ರಾಜ್ಯದ ಮೆಡಿಕಲ್ ಗಾಂಜಾ ಕಾರ್ಡ್ ಮಾಡಿಸಿದೆವು. ರಾತ್ರಿ ಒಂದು ಗಮ್ಮಿ (ಗಾಂಜಾ ಬೆರೆಸಿದ ಮಿಠಾಯಿ) ತಿಂದರೆ ಅವರಿಗೆ ನಿದ್ದೆ ಬರುತ್ತದೆ. ಕಳೆದ ತಿಂಗಳು ನಮ್ಮ ಬೀದಿಯಲ್ಲಿ ಎರಡು ಮನೆಗೆ ಕಳ್ಳರು ನುಗ್ಗಿದರು. ಪಿಸ್ತೂಲು ಕೊಳ್ಳೋಣವೆಂದು ಹೋದರೆ, ಕಾರ್ಡಿನ ವಿಷಯ ಬಾಯಿಬಿಟ್ಟ ಕೂಡಲೇ ಅಂಗಡಿಯವರು ಫಾರಂ ವಾಪಸ್ ಎಳೆದುಕೊಂಡರು. ಇಲ್ಲಿ ಗಾಂಜಾನೂ ಕಾನೂನುಬದ್ಧ, ಬಂದೂಕೂ ಕಾನೂನುಬದ್ಧ ತಾನೇ? ಬೇರೆ ಅಂಗಡಿಗೆ ಹೋಗಿ ‘ಇಲ್ಲ’ ಅಂತ ಬರೆದರಾಯಿತು ಎನ್ನುತ್ತಾರೆ ಇವರು. ಏನು ಮಾಡಲಿ? – ಹೆಸರು ಬೇಡ

ಉತ್ತರ: ಮೊದಲು ಒಂದು ಮಾತು. ಬೇರೆ ಅಂಗಡಿಗೆ ಹೋಗುವುದು ಬೇಡ. ಇವತ್ತು ರಾತ್ರಿಯೇ ಅವರನ್ನು ಕೂರಿಸಿಕೊಂಡು ಹೇಳಿ.

ಆ ಫಾರಂ ಫೆಡರಲ್ ಸರ್ಕಾರದ್ದು, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ್ದು, ಸಂಖ್ಯೆ 4473. ನನ್ನ ಕಕ್ಷಿದಾರರ ಜೊತೆ ಕೂತು ಅದನ್ನು ಎಷ್ಟೋ ಸಲ ಸಾಲು ಸಾಲಾಗಿ ಓದಿದ್ದೇನೆ. ಗಾಂಜಾ ಅಥವಾ ಬೇರೆ ಮಾದಕ ವಸ್ತುವನ್ನು ಕಾನೂನುಬಾಹಿರವಾಗಿ ಬಳಸುತ್ತೀರಾ ಎಂಬ ಪ್ರಶ್ನೆ ಅದರಲ್ಲಿದೆ. ಅದರ ಕೆಳಗೇ, ನೀವಿರುವ ರಾಜ್ಯದಲ್ಲಿ ಔಷಧಕ್ಕೋ ಮೋಜಿಗೋ ಗಾಂಜಾಕ್ಕೆ ಒಪ್ಪಿಗೆ ಇದ್ದರೂ ಫೆಡರಲ್ ಕಾನೂನಿನಲ್ಲಿ ಅದು ತಪ್ಪೇ ಎಂಬ ಎಚ್ಚರಿಕೆ ಇದೆ. ಅದನ್ನು 2016ರಲ್ಲಿ ಸೇರಿಸಿದರು. ಆ ಸಾಲಿನ ಪಕ್ಕದಲ್ಲೇ ‘ಇಲ್ಲ’ಕ್ಕೆ ಗುರುತು ಹಾಕಿ ಸಹಿ ಮಾಡಿದವರು ಆಮೇಲೆ ಗೊತ್ತಿರಲಿಲ್ಲ ಎಂದರೆ ಯಾವ ಜಡ್ಜ್ ನಂಬುತ್ತಾರೆ? ಆ ಸುಳ್ಳಿಗೇ 10 ವರ್ಷದವರೆಗೆ ಸಜೆ ಇದೆ. ಗಾಂಜಾ ಬಳಸುತ್ತಾ ಬಂದೂಕು ಇಟ್ಟುಕೊಳ್ಳುವುದು ಬೇರೆಯೇ ಅಪರಾಧ. ಅದಕ್ಕಿದ್ದ 10 ವರ್ಷದ ಮಿತಿಯನ್ನು 2022ರಲ್ಲಿ 15ಕ್ಕೆ ಏರಿಸಿದರು. ಆಗ ಅಧ್ಯಕ್ಷರಾಗಿದ್ದ ಬೈಡನ್ ಅವರ ಮಗ ಹಂಟರ್‌ಗೆ 2024ರ ಜೂನ್‌ನಲ್ಲಿ ದೋಷಿ ಎಂಬ ತೀರ್ಪು ಬಂದದ್ದು ಇದೇ ಫಾರಂ ಮೇಲೆ. ಅವರದು ಕೊಕೇನಿನ ಕಥೆ, ಕೊನೆಗೆ ತಂದೆಯೇ ಕ್ಷಮಾದಾನ ಕೊಟ್ಟರು. ನಿಮ್ಮ ಯಜಮಾನರಿಗೆ ಕ್ಷಮಾದಾನ ಕೊಡುವವರು ಯಾರೂ ಇಲ್ಲ.

ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಕಾರ್ಡ್ ಇದೆ ಎಂದು ತಿಳಿದಮೇಲೆ ಮಾರುವಂತಿಲ್ಲ ಎಂದು 2011ರ ಸೆಪ್ಟೆಂಬರ್‌ನಲ್ಲೇ ಬಂದೂಕು ಮಾರಾಟ ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಟಿಎಫ್ ಎಲ್ಲ ಲೈಸೆನ್ಸುದಾರರಿಗೂ ಪತ್ರ ಬರೆದಿದೆ. ಅದೇ ವರ್ಷ ನೆವಾಡದಲ್ಲಿ ಒಬ್ಬ ಮಹಿಳೆಗೆ ಹೀಗೇ ಆಯಿತು. ಕಾರ್ಡ್ ಇದ್ದ ಒಂದೇ ಕಾರಣಕ್ಕೆ ಮಾರಲಿಲ್ಲ. ಅವರು ಕೋರ್ಟಿಗೆ ಹೋದರು, 2016ರಲ್ಲಿ ಒಂಬತ್ತನೇ ಸರ್ಕಿಟ್ (ಫೆಡರಲ್ ಕೋರ್ಟಿನ ಪ್ರಾಂತ್ಯ) ಮೇಲ್ಮನವಿ ಕೋರ್ಟಿನಲ್ಲಿ ಸೋತರು.

ಈಗ ನಿಮ್ಮ ಅಸಲು ಪ್ರಶ್ನೆ. ರಾಜ್ಯ ಸರಿ ಎಂದದ್ದು ಫೆಡರಲ್ ಸರ್ಕಾರಕ್ಕೆ ಹೇಗೆ ತಪ್ಪಾಗುತ್ತದೆ? ರಾಜ್ಯ ಹಿಂದಕ್ಕೆ ತೆಗೆದುಕೊಂಡದ್ದು ತನ್ನ ಶಿಕ್ಷೆಯನ್ನು ಮಾತ್ರ. ಫೆಡರಲ್ ಸರ್ಕಾರದ ಶಿಕ್ಷೆಯನ್ನು ತೆಗೆಯುವ ಅಧಿಕಾರ ಅದಕ್ಕಿಲ್ಲ. 1970ರ ಫೆಡರಲ್ ಮಾದಕ ವಸ್ತು ಕಾಯ್ದೆ ಗಾಂಜಾವನ್ನು ಹೆರಾಯಿನ್ ಜೊತೆ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಗೆ ಹಾಕಿತು. ಕ್ಯಾಲಿಫೋರ್ನಿಯಾದ ರೋಗಿಗಳು ಸ್ವಂತಕ್ಕೆ ಬೆಳೆದುಕೊಂಡ ಗಾಂಜಾವನ್ನೂ ಫೆಡರಲ್ ಸರ್ಕಾರ ನಿಷೇಧಿಸಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟ್ 6–3ರಲ್ಲಿ ಹೇಳಿತು. ಹಾಗಾದರೆ ಕೊಲೊರಾಡೊದ ಗಾಂಜಾ ಅಂಗಡಿಗಳು ಹೇಗೆ ಬದುಕಿವೆ? ತನ್ನ ಕಾನೂನನ್ನು ಜಾರಿ ಮಾಡಿ ಎಂದು ಫೆಡರಲ್ ಸರ್ಕಾರ ರಾಜ್ಯದ ಪೊಲೀಸರಿಗೆ ಅಪ್ಪಣೆ ಮಾಡುವಂತಿಲ್ಲ. ಆ ತತ್ವವನ್ನು ಗಟ್ಟಿ ಮಾಡಿದ್ದು 1997ರ ಪ್ರಿಂಟ್ಜ್ ತೀರ್ಪು. ಅದು ಗಾಂಜಾ ಕೇಸಲ್ಲ, ಬಂದೂಕಿನ ಕೇಸು! ಕೊಳ್ಳುವವರ ಪೂರ್ವಾಪರ ವಿಚಾರಿಸುವ ಕೆಲಸ ನಮ್ಮ ತಲೆಗೆ ಕಟ್ಟಬೇಡಿ ಎಂದು ಮೊಂಟಾನಾ, ಅರಿಜೋನಾಗಳ ಇಬ್ಬರು ಶೆರಿಫ್‌ಗಳು (ಸ್ಥಳೀಯ ಪೊಲೀಸ್ ಮುಖ್ಯಸ್ಥರು) ಹೂಡಿದ್ದ ದಾವೆ ಅದು. ರಾಜ್ಯದ ಪೊಲೀಸರು ಕೈಕಟ್ಟಿ ನಿಲ್ಲಬಹುದು, ಅಷ್ಟೇ. ಫೆಡರಲ್ ಏಜೆಂಟ್ ತಾನೇ ಬಂದು ಬಾಗಿಲು ತಟ್ಟಿದರೆ ಅವರು ತಡೆಯಲಾರರು.

ಇದು ಗಾಂಜಾದವರಿಗೆ ಮಾತ್ರ ಬಂದ ಗತಿಯಲ್ಲ. ನಮ್ಮ ರಾಜ್ಯದೊಳಗೇ ತಯಾರಾಗಿ ಇಲ್ಲೇ ಉಳಿಯುವ ಬಂದೂಕುಗಳಿಗೆ ಫೆಡರಲ್ ಕಾನೂನು ಅನ್ವಯಿಸದು ಎಂದು ಕಾನ್ಸಾಸ್ 2013ರಲ್ಲಿ ಕಾಯ್ದೆ ಮಾಡಿತು. ಅದನ್ನು ನಂಬಿ ಒಬ್ಬ ಮಾಜಿ ಸೈನಿಕ ಊರಿನ ಅಂಗಡಿಯಲ್ಲಿ ಬಂದೂಕಿನ ಸದ್ದಡಗಿಸುವ ಸೈಲೆನ್ಸರ್ ಕೊಂಡ. 1934ರ ಫೆಡರಲ್ ಕಾಯ್ದೆ ಕೇಳುವ ನೋಂದಣಿ ಮಾಡಿಸಲಿಲ್ಲ. ಮಾರಿದವನೂ ಕೊಂಡವನೂ ಫೆಡರಲ್ ಕೋರ್ಟಿನಲ್ಲಿ ದೋಷಿಗಳಾದರು. ರಾಜ್ಯದ ಕಾಯ್ದೆ ತೋರಿಸಿದರೂ ಪ್ರಯೋಜನವಾಗಲಿಲ್ಲ. ಜೈಲಾಗದೆ ಪ್ರೊಬೇಷನ್‌ನಲ್ಲಿ ಉಳಿದುಕೊಂಡರು. ಆ ಸೈನಿಕನನ್ನು ನೆನೆದರೆ ಇವತ್ತಿಗೂ ನನಗೆ ಸಂಕಟ. ತನ್ನ ಶಾಸನಸಭೆಯನ್ನು ನಂಬಿದ್ದೇ ಅವನ ತಪ್ಪು.

ನಿಮ್ಮ ಯಜಮಾನರ ವಿಷಯದಲ್ಲೂ ನನಗೆ ಅನ್ಯಾಯ ಕಾಣುತ್ತದೆ. ದಿನಾ ರಾತ್ರಿ ವಿಸ್ಕಿ ಕುಡಿಯುವವನು ಆ ಫಾರಂ ತುಂಬಿ ಪಿಸ್ತೂಲು ತರಬಹುದು, ನಿದ್ದೆಗೆಂದು ಗಮ್ಮಿ ತಿನ್ನುವ ರೋಗಿ ತರುವಂತಿಲ್ಲ. ಕೋರ್ಟುಗಳಲ್ಲೂ ಈ ಮಾತು ಎದ್ದಿದೆ. ಮಿಸಿಸಿಪ್ಪಿಯಲ್ಲಿ ಒಬ್ಬನ ಗಾಡಿಯ ಆಶ್‌ಟ್ರೇಯಲ್ಲಿ ಗಾಂಜಾ ಸೇದಿದ ತುಂಡುಗಳೂ ಗಾಡಿಯೊಳಗೆ ಎರಡು ಬಂದೂಕುಗಳೂ ಸಿಕ್ಕವು. ಆ ಹೊತ್ತಿಗೆ ಅವನು ಅಮಲಿನಲ್ಲಿದ್ದ ಎಂಬುದಕ್ಕೆ ಪುರಾವೆ ಇಲ್ಲವೆಂದು ಐದನೇ ಸರ್ಕಿಟ್ ಕೋರ್ಟ್ 2023ರಲ್ಲಿ ಅವನ ಶಿಕ್ಷೆ ರದ್ದು ಮಾಡಿತು. ಇಂಥದ್ದೇ ಆದ ಟೆಕ್ಸಾಸ್‌ನ ಹೇಮಾನಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಕೈಗೆತ್ತಿಕೊಂಡಿತು. ಆದರೆ ಆ ವಾದವೆಲ್ಲ ಬಂದೂಕು ಇಟ್ಟುಕೊಳ್ಳುವ ಹಕ್ಕಿನದು. ಫಾರಂನಲ್ಲಿ ಸುಳ್ಳು ಬರೆಯುವುದು ಬೇರೆ ಕಲಂ. ಕೊಲೊರಾಡೊ ಐದನೇ ಸರ್ಕಿಟ್ ವ್ಯಾಪ್ತಿಯಲ್ಲಿಲ್ಲ, ಅದರ ಮಾತು ನಿಮ್ಮಲ್ಲಿಗೆ ಅನ್ವಯಿಸುವುದೂ ಇಲ್ಲ.

ನೀವು ಗಾಂಜಾ ಮುಟ್ಟುವುದಿಲ್ಲ ಎಂದಾದರೆ ನಿಮ್ಮ ಸ್ವಂತಕ್ಕೆ ನೀವು ಕೊಳ್ಳಬಹುದು. ಅವರಿಗಾಗಿ ನಿಮ್ಮ ಹೆಸರಲ್ಲಿ ಕೊಂಡರೆ ಅದೂ ಅಪರಾಧವೇ. ಕೊಂಡದ್ದು ಬೀಗದ ಪೆಟ್ಟಿಗೆಯಲ್ಲಿರಲಿ, ಅದರ ಕೋಡ್ ನಿಮಗೊಬ್ಬರಿಗೇ ಗೊತ್ತಿರಲಿ. ಅವರ ಕೈಗೆಟುಕುವಂತಿದ್ದರೆ ಅವರೇ ಇಟ್ಟುಕೊಂಡಂತೆ ಎಂದು ಸರ್ಕಾರಿ ವಕೀಲರು ವಾದಿಸಬಹುದು. ಮಂಚದ ಪಕ್ಕದ ಒಂದೇ ಡ್ರಾಯರಿನಲ್ಲಿ ಗಮ್ಮಿ ಡಬ್ಬಿಯೂ ಗುಂಡಿನ ಪೆಟ್ಟಿಗೆಯೂ ಇದ್ದ ಮನೆಯನ್ನು ಕಂಡಿದ್ದೇನೆ. ಗುಂಡುಗಳಿಗೂ ಇದೇ ನಿಷೇಧ ಅನ್ವಯಿಸುತ್ತದೆ. ಕೊಳ್ಳುವ ಮೊದಲು ನಿಮ್ಮ ಊರಿನ ವಕೀಲರೊಬ್ಬರನ್ನು ಕಾಣಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಸ್ನೇಹಿತರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿ ಬಂದೂಕು ಬಾಡಿಗೆಗೆ ಪಡೆಯಬಹುದೇ? – ಓದುಗ, ಸಿಯಾಟಲ್

ಉತ್ತರ: ಬರಿಗೈಯಲ್ಲಿ ಹೋದರೆ ಇಲ್ಲ. ನಿಮ್ಮಂಥ ವೀಸಾದವರು ಬಂದೂಕು, ಗುಂಡು ಹಿಡಿಯುವುದನ್ನೇ ಫೆಡರಲ್ ಕಾನೂನು ನಿಷೇಧಿಸುತ್ತದೆ, ಬಾಡಿಗೆಯದಾದರೂ ಅಷ್ಟೇ. ಆದರೆ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಇಲ್ಲಿ ಮಾತ್ರ ರಾಜ್ಯ ಕೊಟ್ಟ ಕಾಗದವನ್ನು ಒಪ್ಪುತ್ತೇನೆಂದು ಫೆಡರಲ್ ಕಾನೂನೇ ಬರೆದುಕೊಟ್ಟಿದೆ. ಇನ್ನೊಂದು: ವಾಷಿಂಗ್ಟನ್ ರಾಜ್ಯದಲ್ಲಿ ಗಾಂಜಾ ಅಂಗಡಿ ಬೀದಿಬೀದಿಯಲ್ಲಿದ್ದರೂ ನೀವು ಒಳಗೆ ಕಾಲಿಡಬೇಡಿ. ಅದು ಬಂದೂಕಿಗಷ್ಟೇ ಅಲ್ಲ, ನಾಳೆ ನಿಮ್ಮ ಗ್ರೀನ್ ಕಾರ್ಡಿಗೂ ಅಡ್ಡ ಬರುತ್ತದೆ. ಅದನ್ನು ವಿಚಾರಿಸುವುದೂ ಫೆಡರಲ್ ಕಚೇರಿಯೇ.