ಥಿಯರಿಯಲ್ಲಿ ಮುಂದು, ವಾರ್ಡಿನಲ್ಲಿ ಕೈ ನಡುಕ

ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷದ ಹುಡುಗಿ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಥಿಯರಿ ಅಂಕ ಚೆನ್ನಾಗಿವೆ. ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ಪೋಸ್ಟಿಂಗ್ ಶುರುವಾದ ಮೇಲೆ ವಾರ್ಡಿಗೆ ಚಕ್ಕರ್ ಹೊಡೆಯುತ್ತಿದ್ದಾಳೆ ಎಂದು ಅವಳಿಗೆ ಕಲಿಸುವ ಮೇಡಂ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕಳಿಸಿದ್ದರು.

ಬಂದವಳೇ ಪ್ರೊಸೀಜರ್ ಬುಕ್, ಅಂದರೆ ವಾರ್ಡಿನಲ್ಲಿ ಮಾಡಿ ತೋರಿಸಿದ ಕೆಲಸಗಳಿಗೆ ಸಹಿ ಹಾಕಿಸಿಕೊಳ್ಳುವ ಪುಸ್ತಕ, ಮೇಜಿನ ಮೇಲಿಟ್ಟಳು. ಸಹಿ ಬೀಳಬೇಕಾದ ಕಾಲಂ ಪುಟಗಟ್ಟಲೆ ಖಾಲಿ. "ನನ್ನ ಕೈಲಿ ಆಗಲ್ಲ ಮೇಡಂ, ಬಿಟ್ಟುಬಿಡ್ತೀನಿ."

ಬಿಪಿ ನೋಡುವುದು ಹೇಗೆ ಎಂದು ಕೇಳಿದೆ. ತಡವರಿಸದೆ ಹೇಳಿದಳು, ಕಫ್ ಮೊಣಕೈ ಮಡಿಕೆಗಿಂತ ಎಷ್ಟು ಮೇಲಿರಬೇಕು ಎನ್ನುವುದೂ ಸೇರಿ. ಮತ್ತೆ ವಾರ್ಡಿನಲ್ಲಿ ಏನಾಗುತ್ತೆ? ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಸ್ಟೆತ್ ಕಿವಿಗಿಟ್ಟರೆ ನನ್ನ ಎದೆಬಡಿತಾನೇ ಕೇಳುತ್ತೆ."

ಮೊದಲ ವಾರ ರೀಡಿಂಗ್ ತಪ್ಪು ಹೇಳಿ, ಪೇಷಂಟ್ ಮನೆಯವರ ಎದುರೇ ಬೈಸಿಕೊಂಡಿದ್ದಳು. ಮಾರನೇ ದಿನ ಆ ಅಜ್ಜ "ಬೇರೆ ಸಿಸ್ಟರ್‌ನ ಕಳಿಸಮ್ಮ" ಅಂದರಂತೆ. ಅದನ್ನು ಹೇಳುವಾಗ ಅತ್ತೇಬಿಟ್ಟಳು.

ಜೊತೆಗೆ ಕೇರ್ ಪ್ಲ್ಯಾನ್ (ಪೇಷಂಟ್ ಆರೈಕೆಯ ಯೋಜನೆ) ಬರೆಯುತ್ತಾ ರಾತ್ರಿ ಒಂದಾಗುತ್ತದೆ. ಏಳಕ್ಕೆ ಬಸ್ಸು, ಹಾಸ್ಟೆಲ್ ತಿಂಡಿ ಏಳೂವರೆಗೆ. ಮಧ್ಯಾಹ್ನದ ತನಕ ಖಾಲಿ ಹೊಟ್ಟೆ. ಹೀಗಿದ್ದರೆ ಯಾರ ಕೈ ತಾನೇ ನಡುಗಲ್ಲ?

ತಪ್ಪು ತಿದ್ದಲೇಬೇಕು, ಜೀವದ ವಿಷಯ. ಆದರೆ ಹಾಸಿಗೆ ಪಕ್ಕದಲ್ಲೇ ಮಾನ ಕಳೆದರೆ ಮಕ್ಕಳು ತಪ್ಪನ್ನು ಬಚ್ಚಿಡುವುದನ್ನು ಕಲಿಯುತ್ತಾರೆ. ಇದನ್ನು ಕಂಡು ಕಂಡು ನನಗೆ ಸಂಕಟವಾಗಿದೆ.

ಅವಳಿಗೆ ಹೇಳಿದ್ದು ಇಷ್ಟು. ಪ್ರಾಕ್ಟಿಕಲ್ ಬೇರೆಯಾಗಿಯೇ ಪಾಸಾಗಬೇಕು, ಪದವಿ ಸಿಗುವ ಮುಂಚೆ ಕ್ಲಿನಿಕಲ್, ಅಂದರೆ ವಾರ್ಡಿನ ಹಾಜರಾತಿ 100% ಆಗಲೇಬೇಕು. ಈಗ ತಪ್ಪಿಸಿದ ದಿನವನ್ನು ಆಮೇಲೆ ತುಂಬಲೇಬೇಕಲ್ವಾ? ಎರಡು ವಾರ ಬಿಪಿ ಒಂದನ್ನೇ ಹಿಡಿ. ದಿನಾ ಸಂಜೆ ರೂಮ್‌ಮೇಟ್‌ಗಳದ್ದು ನೋಡು. ಸರಿಯಾಗಿ ಕೇಳಿಸದಿದ್ದರೆ ಯಾವತ್ತೂ ಅಂದಾಜಿಗೆ ಬರೆಯಬೇಡ. "ಕೇಳಿಸಲಿಲ್ಲ ಸಿಸ್ಟರ್, ಒಮ್ಮೆ ನೋಡ್ತೀರಾ" ಅನ್ನು. ಕೆಲಸಕ್ಕೆ ಮುಂಚೆ "ಊಟ ಆಯ್ತಾ ಅಜ್ಜ?" ಎಂದು ಮಾತಾಡಿಸು, ಅವರ ಕೈಯೂ ಸಡಿಲಾಗುತ್ತೆ, ನಿನ್ನದೂ. ರಾತ್ರಿ ತಡೆಯಲಾಗದಷ್ಟು ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು.

ಅವಳ ಒಪ್ಪಿಗೆ ಪಡೆದು ಮೇಡಂ ಹತ್ತಿರವೂ ಮಾತಾಡಿದೆ: ಏನಿದ್ದರೂ ಪಕ್ಕಕ್ಕೆ ಕರೆದು ತಿದ್ದಿ. ಹಾಸ್ಟೆಲ್ ವಾರ್ಡನ್ ತಿಂಡಿಯ ಹೊತ್ತನ್ನು ಆರೂಮುಕ್ಕಾಲಿಗೆ ತಂದರು.

ಮೂರನೇ ವಾರ ಬಂದಾಗ ಬುಕ್ ತೆಗೆದು ಒಂದು ಸಹಿ ತೋರಿಸಿದಳು. ಬಿಪಿಯದ್ದು. ಇಂಜೆಕ್ಷನ್ ಭಯ ಹಾಗೇ ಇದೆ. ಅದನ್ನು ಬರುವ ಬುಧವಾರಕ್ಕೆ ಇಟ್ಟುಕೊಂಡಿದ್ದೇವೆ.